200 ಪುಟದ ಲಾಂಗ್ ಬುಕ್: ರಾತ್ರಿಯ ಆತ್ಮಪರಿಶೋಧನೆಗೆ ಯಾವ ಪುಸ್ತಕ ಕೊಳ್ಳಬೇಕು?

ಮೊದಲೇ ಹೇಳಿಬಿಡುತ್ತೇವೆ: ರಾತ್ರಿ ಕೂತು ಆ ದಿನವನ್ನು ದೇವರೆದುರು ತಿರುಗಿ ನೋಡಿ ಬರೆಯುವ ಆತ್ಮಪರಿಶೋಧನೆಗೆ, ಸ್ಟೇಷನರಿ ಅಂಗಡಿಯಲ್ಲಿ ನೂರು ರೂಪಾಯಿ ಆಸುಪಾಸಿಗೆ ಸಿಗುವ, ದಾರದಲ್ಲಿ ಹೊಲಿದ, ಸಿಂಗಲ್ ರೂಲಿನ 200 ಪುಟದ ಲಾಂಗ್ ಬುಕ್ ಸಾಕು. ಜನರಲ್ಲಿರುವ ಒಳ್ಳೆಯದನ್ನು ಮೊದಲು ನೋಡಬೇಕು, ನಾಳೆಯ ಬಗ್ಗೆ ಭರವಸೆ ಇಟ್ಟುಕೊಳ್ಳಬೇಕು, ಅದನ್ನು ಯೇಸುಸ್ವಾಮಿಯ ಮೇಲಿನ ವಿಶ್ವಾಸದಲ್ಲಿ ದಿನಾ ರೂಢಿ ಮಾಡಿಕೊಳ್ಳಬೇಕು ಎನ್ನುವವರಿಗೆ ಆನ್‌ಲೈನ್‌ನಲ್ಲಿ ಬರುವ ಅಚ್ಚುಹಾಕಿದ ‘ಗ್ರಾಟಿಟ್ಯೂಡ್ ಜರ್ನಲ್’ ಬೇಡ, ಮೊಬೈಲ್ ಆ್ಯಪೂ ಬೇಡ. ಯಾಕೆ ಬೇಡ, ಪುಸ್ತಕವನ್ನು ಹೇಗೆ ಆರಿಸಬೇಕು, ಹೇಗೆ ಗೆರೆ ಹಾಕಿಕೊಳ್ಳಬೇಕು, ಮಲೆನಾಡಿನ ಮಳೆಯಲ್ಲಿ ಅದು ಹೇಗೆ ಹಾಳಾಗುತ್ತದೆ ಎಂಬುದನ್ನು ಕೆಳಗೆ ಬರೆದಿದ್ದೇವೆ.

ಅಚ್ಚುಹಾಕಿದ ಜರ್ನಲ್ ನೋಡಲು ಚೆಂದ. ದಪ್ಪ ಕಾಗದ, ಗಟ್ಟಿ ರಟ್ಟು, ಪುಟಪುಟಕ್ಕೂ ಹೂವಿನ ಅಂಚು. ಬೆಲೆ ಲಾಂಗ್ ಬುಕ್ಕಿನ ಮೂರು ನಾಲ್ಕು ಪಟ್ಟು. ಬೆಲೆ ದೊಡ್ಡ ದೋಷವಲ್ಲ. ದೋಷ ಇರುವುದು ಅದರ ಪುಟದಲ್ಲಿ. ‘ಇಂದು ಸಂತೋಷ ಕೊಟ್ಟ ಮೂರು ಸಂಗತಿಗಳು’ ಎಂದು ಮೂರು ಗೆರೆ, ಕೆಳಗೆ ನಗುವ ಮುಖ. ದುಃಖ ಬರೆಯಲು ಜಾಗವೇ ಇಲ್ಲ. ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಸೋಗೆ ಒಣಗುತ್ತಿರುವಾಗ, ತೀರ್ಥಹಳ್ಳಿ ಹೊಸನಗರದ ಕಡೆಯ ಬೆಳೆಗಾರರು ಆ ಮೂರು ಗೆರೆಯಲ್ಲಿ ಏನು ಬರೆಯಬೇಕು? ಬರೆದರೆ ಸುಳ್ಳಾಗುತ್ತದೆ, ಬರೆಯದಿದ್ದರೆ ಪುಟ ಖಾಲಿ ಉಳಿಯುತ್ತದೆ. ಬೈಬಲ್ ಹಾಗಿಲ್ಲ. 150 ಕೀರ್ತನೆಗಳಲ್ಲಿ ಮೂರನೇ ಒಂದು ಭಾಗದಷ್ಟು ಗೋಳಿನ ಪ್ರಾರ್ಥನೆಗಳೇ. 13ನೇ ಕೀರ್ತನೆ ‘ಇನ್ನೆಷ್ಟು ಕಾಲ?’ ಎಂಬ ದೂರಿನಿಂದ ಶುರುವಾಗಿ, ಆರನೇ ವಚನ ಮುಗಿಯುವುದರೊಳಗೆ ದೇವರ ಉಪಕಾರದ ಹಾಡಾಗುತ್ತದೆ. ಆ ದಾರಿಯ ಎರಡೂ ತುದಿ ಬರೆಯಲು ಜಾಗ ಬೇಕು. ಖಾಲಿ ಗೆರೆಯ ಪುಸ್ತಕದಲ್ಲಿ ಅದು ಇದೆ.

ಆ್ಯಪ್ ವಿಷಯ ಬೇಗ ಮುಗಿಸುತ್ತೇವೆ. ಬರೆಯುವ ಹೊತ್ತಿಗೆ ಅದೇ ಪರದೆಯ ಮೇಲೆ ವಾಟ್ಸ್ಆ್ಯಪ್ ಮೆಸೇಜು ಬರುತ್ತದೆ. ಯಾರ ಬಗ್ಗೆ ಒಳ್ಳೆಯದನ್ನು ಯೋಚಿಸಲು ಕೂತಿದ್ದಿರೋ ಅವರದೇ ಮೆಸೇಜು ಬಂದರೆ ಅಲ್ಲಿಗೆ ಪ್ರಾರ್ಥನೆ ಮುಗಿಯಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಎರಡು ದಿನ ಚಾರ್ಜ್ ಇಲ್ಲದಿರುವುದೂ ಉಂಟು. ಕಣ್ಣು ಮಂಜಾದ ಹಿರಿಯರಿಗೆ, ಕೈ ನಡುಗುವವರಿಗೆ ಮಾತ್ರ ಫೋನಿನ ವಾಯ್ಸ್ ರೆಕಾರ್ಡರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿ, ದಿನಕ್ಕೆ ಮೂರು ನಿಮಿಷ ಮಾತಾಡಿದರೆ ಸಾಕು.

ಈ ಕೆಲಸಕ್ಕೆ ಪುಸ್ತಕ ಹಿಡಿಯುವುದು ಹೊಸ ಫ್ಯಾಷನ್ ಅಲ್ಲ. ಯೇಸುಸಭೆಯನ್ನು (ಜೆಸ್ಯೂಟ್) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೊಲಾ (1491–1556) ಅವರ ‘ಆಧ್ಯಾತ್ಮಿಕ ಸಾಧನೆಗಳು’ ರೋಮ್‌ನಲ್ಲಿ ಅಚ್ಚಾದದ್ದು 1548ರಲ್ಲಿ. ಅದರಲ್ಲೇ ಗೆರೆ ಹಾಕುವ ಕ್ರಮ ಇದೆ. ಒಂದೇ ಒಂದು ದೋಷ ಆರಿಸಿಕೊಳ್ಳಬೇಕು. ದಿನಕ್ಕೆ ಎರಡು ಗೆರೆ: ಮಧ್ಯಾಹ್ನದ ಊಟದ ತನಕ ಒಂದು, ರಾತ್ರಿ ಊಟದ ತನಕ ಇನ್ನೊಂದು. ಆ ದೋಷಕ್ಕೆ ಬಿದ್ದಷ್ಟು ಸಲ ಗೆರೆಯ ಮೇಲೆ ಒಂದೊಂದು ಚುಕ್ಕಿ. ರಾತ್ರಿ ಎರಡನೇ ಗೆರೆಯನ್ನು ಮೊದಲನೆಯದಕ್ಕೆ, ಇವತ್ತನ್ನು ನಿನ್ನೆಗೆ, ಈ ವಾರವನ್ನು ಹೋದ ವಾರಕ್ಕೆ ಹೋಲಿಸಿ ನೋಡಬೇಕು. ಅಡಿಕೆ ಮಂಡಿಯ ಲೆಕ್ಕ ಇಡುವಷ್ಟೇ ಸರಳ. ಇನ್ನೊಬ್ಬರಲ್ಲಿ ಒಳ್ಳೆಯದನ್ನು ಕಾಣುವ ಅಭ್ಯಾಸಕ್ಕೆ ಆರಿಸಿಕೊಳ್ಳಬೇಕಾದ ದೋಷ ನಮ್ಮ ಪ್ರಕಾರ ಒಂದೇ: ಎದುರಿಗಿಲ್ಲದವರ ಬಗ್ಗೆ ಆಡುವ ಮಾತು. ‘ಕೋಪ’ ಅಥವಾ ‘ಅಹಂಕಾರ’ ಎಂದು ಬರೆದುಕೊಂಡರೆ ಎಣಿಸಲು ಬರುವುದಿಲ್ಲ. ಮಾತನ್ನು ಎಣಿಸಬಹುದು.

ಅದೇ ಪುಸ್ತಕದ ಸಾಧನೆಗಳು ಶುರುವಾಗುವ ಮುಂಚೆ, 22ನೇ ಸಂಖ್ಯೆಯಲ್ಲಿ ಒಂದು ಪೀಠಿಕೆ ಬರುತ್ತದೆ. ಈ ವಿಮರ್ಶೆಯ ತಿರುಳೇ ಅದು. ಒಳ್ಳೆಯ ಕ್ರೈಸ್ತನಾದವನು ನೆರೆಯವನ ಮಾತನ್ನು ಖಂಡಿಸುವುದಕ್ಕಿಂತ ಅದಕ್ಕೆ ಒಳ್ಳೆಯ ಅರ್ಥ ಕೊಡಲು ಹೆಚ್ಚು ಸಿದ್ಧನಿರಬೇಕು. ಒಳ್ಳೆಯ ಅರ್ಥ ಹೊಳೆಯದಿದ್ದರೆ ‘ನೀವು ಯಾವ ಅರ್ಥದಲ್ಲಿ ಹೇಳಿದಿರಿ’ ಎಂದು ಕೇಳಬೇಕು. ಅವನ ಅರ್ಥ ತಪ್ಪಾಗಿದ್ದರೆ ಪ್ರೀತಿಯಿಂದ ತಿದ್ದಬೇಕು. ಅದೂ ಸಾಲದಿದ್ದರೆ ಅವನು ಸರಿಯಾಗಿ ತಿಳಿದುಕೊಳ್ಳಲು ಬೇಕಾದ ಎಲ್ಲ ತಕ್ಕ ದಾರಿ ಹುಡುಕಬೇಕು. ನಾಲ್ಕು ಮೆಟ್ಟಿಲು. ಮೊದಲನೆಯದರಲ್ಲೇ ನಿಂತುಬಿಟ್ಟರೆ ಒಳ್ಳೆಯತನ ಹೋಗಿ ಹೆದರಿಕೆ ಆಗುತ್ತದೆ. ಮೂರನೆಯದಕ್ಕೆ ನೇರ ಹಾರಿದರೆ ಜಗಳ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದನ್ನೇ 2478ನೇ ಸಂಖ್ಯೆಯಲ್ಲಿ ಎತ್ತಿಕೊಂಡಿದೆ, ದುಡುಕಿ ತೀರ್ಪು ಕೊಡುವ ಪಾಪಕ್ಕೆ ಮದ್ದಾಗಿ. ಪ್ರಾಟೆಸ್ಟೆಂಟ್ ಕುಟುಂಬದವರಿಗೂ ಇದು ಹೊರಗಿನದಲ್ಲ. ಮಾರ್ಟಿನ್ ಲೂಥರ್ 1529ರ ಚಿಕ್ಕ ಧರ್ಮೋಪದೇಶದಲ್ಲಿ ‘ಸುಳ್ಳುಸಾಕ್ಷಿ ಹೇಳಬೇಡ’ ಎಂಬ ಆಜ್ಞೆಗೆ ಕೊಟ್ಟ ವಿವರಣೆಯೂ ಹೀಗೇ: ನೆರೆಯವನ ಪರವಾಗಿ ಮಾತಾಡು, ಎಲ್ಲವನ್ನೂ ಆದಷ್ಟು ಒಳ್ಳೆಯ ಅರ್ಥದಲ್ಲಿ ತೆಗೆದುಕೋ. ಹತ್ತು ಆಜ್ಞೆಗಳಲ್ಲಿ ಕಥೋಲಿಕರೂ ಲೂಥರನ್ನರೂ ಇದನ್ನು ಎಂಟನೇ ಆಜ್ಞೆ ಎಂದು ಎಣಿಸುತ್ತಾರೆ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆಗಳಲ್ಲಿ ಒಂಬತ್ತನೆಯದು. ಒಂದೇ ಮನೆಯಲ್ಲಿ ಎರಡೂ ಸಭೆಯವರಿದ್ದರೆ ಪುಸ್ತಕದಲ್ಲಿ ಸಂಖ್ಯೆ ಬರೆಯಬೇಡಿ, ಆಜ್ಞೆಯನ್ನೇ ಬರೆಯಿರಿ.

ಈಗ ಪುಟಗಳ ಲೆಕ್ಕ. 200 ಪುಟ ಎಂದರೆ 100 ಹಾಳೆ. ಪುಸ್ತಕ ಬಿಚ್ಚಿಟ್ಟಾಗ ಕಾಣುವ ಎಡಬಲ ಎರಡು ಪುಟಗಳನ್ನು ಒಂದು ದಿನಕ್ಕೆ ಇಟ್ಟುಕೊಳ್ಳಿ. ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ಪವಿತ್ರ ಶನಿವಾರದವರೆಗೆ ಭಾನುವಾರಗಳೂ ಸೇರಿ 46 ದಿನ. ಪಾಸ್ಕ ಭಾನುವಾರದಿಂದ, ಪವಿತ್ರಾತ್ಮರು ಇಳಿದುಬಂದದ್ದನ್ನು ನೆನೆಯುವ ಪೆಂಟೆಕೋಸ್ಟ್ ಹಬ್ಬದವರೆಗೆ 50 ದಿನ. ಒಟ್ಟು 96. ಮೊದಲ ಹಾಳೆಯನ್ನು ಹೆಸರು ಮತ್ತು ಚುಕ್ಕಿ ಲೆಕ್ಕಕ್ಕೆ ಬಿಟ್ಟರೂ ಒಂದು ಪುಸ್ತಕದಲ್ಲಿ ಎರಡೂ ಕಾಲಗಳು ಸರಿಯಾಗಿ ಕೂರುತ್ತವೆ. 2026ರಲ್ಲಿ ಅದು ಫೆಬ್ರವರಿ 18ರಿಂದ ಮೇ 24. 2027ರಲ್ಲಿ ಫೆಬ್ರವರಿ 10ರಿಂದ ಮೇ 16. ಮುಂಗಾರು ಮಲೆನಾಡಿಗೆ ಕಾಲಿಡುವ ಮುಂಚೆಯೇ ಬರವಣಿಗೆ ಮುಗಿದಿರುತ್ತದೆ. ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಸಿಗದು. ಬರೀ 40 ದಿನದ ತಪಸ್ಸು ಕಾಲಕ್ಕೆ ಎಂದು 100 ಪುಟದ ತೆಳು ಪುಸ್ತಕ ತರಬೇಡಿ. ನಮ್ಮ ತಪ್ಪು ನೋಡುವ ತಪಸ್ಸು ಕಾಲ ಮುಗಿದ ಕೂಡಲೇ, ಒಳ್ಳೆಯದನ್ನು ನೋಡುವ ಪಾಸ್ಕ ಕಾಲ ಶುರುವಾಗುವ ಹೊತ್ತಿಗೆ, ಹಾಳೆ ಮುಗಿದುಹೋಗುತ್ತದೆ.

ಬಲಪುಟದಲ್ಲಿ ಆ ದಿನದ ಬರಹ. ಆತ್ಮಪರಿಶೋಧನೆಗೆ ಇಗ್ನೇಷಿಯಸ್ ಹೇಳಿಕೊಟ್ಟ ಐದು ಹಂತಗಳಿಗೆ ಐದು ಭಾಗ, ಒಟ್ಟು ಹನ್ನೆರಡರಿಂದ ಹದಿನೈದು ನಿಮಿಷ.

ಮೊದಲ ನಾಲ್ಕು ಗೆರೆ ಕೃತಜ್ಞತೆಗೆ. ಇಲ್ಲಿ ಒಂದು ಕಟ್ಟುನಿಟ್ಟು ಬೇಕು: ಯಾರು, ಏನು ಮಾಡಿದರು, ಎಷ್ಟು ಹೊತ್ತಿಗೆ. ‘ಎಲ್ಲ ಚೆನ್ನಾಗಿತ್ತು, ದೇವರಿಗೆ ಸ್ತೋತ್ರ’ ಎಂದು ಬರೆದರೆ ಹತ್ತನೇ ದಿನಕ್ಕೆ ಕೈ ತಾನಾಗಿಯೇ ಬರೆಯತೊಡಗುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ‘ಬೆಳಗಿನ ಎಂಟರ ಬಸ್ಸಿನಲ್ಲಿ ಕಂಡಕ್ಟರು ಅಜ್ಜಿಯ ಚೀಲ ಇಳಿಸಿಕೊಟ್ಟರು’ ಎಂದು ಬರೆಯಬೇಕು. ನಿಮಗೇ ಆದ ಉಪಕಾರ ಆಗಬೇಕಿಲ್ಲ. ಕಣ್ಣಿಗೆ ಬಿದ್ದದ್ದು ಸಾಕು. ಅಂತಿಯೋಕ್ಯ ಪಟ್ಟಣದ ಹೊಸ ವಿಶ್ವಾಸಿಗಳನ್ನು ನೋಡಲು ಹೋದ ಆದಿಸಭೆಯ ಬಾರ್ನಬ ಮಾಡಿದ್ದೂ ಅಷ್ಟೇ: ಬೈಬಲ್‌ನ ಪ್ರೇಷಿತರ ಕಾರ್ಯಕಲಾಪಗಳು 11:23ರ ಪ್ರಕಾರ ಅವನು ಅಲ್ಲಿ ದೇವರ ಕೃಪೆಯನ್ನು ಕಂಡು ಸಂತೋಷಪಟ್ಟ. ಕಾಣುವುದು ಮೊದಲು, ಸಂತೋಷ ಆಮೇಲೆ.

ಎರಡನೆಯದಕ್ಕೆ ಒಂದೇ ಗೆರೆ: ಸರಿಯಾಗಿ ನೋಡಲು ಪವಿತ್ರಾತ್ಮರ ಬೆಳಕು ಬೇಡುವುದು. ಇದನ್ನು ಬಿಟ್ಟರೆ ಪುಸ್ತಕ ಬರೀ ದಿನಚರಿ ಆಗುತ್ತದೆ.

ಮೂರನೆಯದು ಅರ್ಧ ಪುಟ ತಿನ್ನುತ್ತದೆ, ತಿನ್ನಲಿ. ಬೆಳಿಗ್ಗೆಯಿಂದ ಗಂಟೆಗಂಟೆಗೆ ದಿನವನ್ನು ನೋಡುತ್ತ ಬಂದು, ಮನಸ್ಸಿಗೆ ಮುಳ್ಳಾದ ಒಂದು ಪ್ರಸಂಗವನ್ನು ಮಾತ್ರ ಆರಿಸಿಕೊಳ್ಳಿ. ಅದಕ್ಕೆ ಮೂರು ಸಾಲು. ಮೊದಲ ಸಾಲಿನಲ್ಲಿ ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮಾತ್ರ: ‘ಮೆಣಸು ಕೊಯ್ಯಲು ಬರುತ್ತೇನೆ ಎಂದವರು ಬರಲಿಲ್ಲ, ಫೋನ್ ಹತ್ತಲಿಲ್ಲ.’ ಎರಡನೇ ಸಾಲಿನಲ್ಲಿ ಮನಸ್ಸು ಕಟ್ಟಿದ ಅರ್ಥ: ‘ಬೇರೆಯವರು ಕೂಲಿ ಜಾಸ್ತಿ ಕೊಟ್ಟಿರಬೇಕು, ಮಾತಿಗೆ ಬೆಲೆ ಇಲ್ಲದವರು.’ ಮೂರನೇ ಸಾಲಿನಲ್ಲಿ, ಅದೇ ಸಂಗತಿಗೆ ಹೊಂದುವ ಇನ್ನೊಂದು ಅರ್ಥ: ‘ಮನೆಯಲ್ಲಿ ಜ್ವರ ಇರಬಹುದು; ಅವರ ಕೇರಿಯಲ್ಲಿ ನೆಟ್‌ವರ್ಕ್ ಇಲ್ಲದಿರಬಹುದು.’ ಮೂರನೇ ಸಾಲು ನಂಬಲರ್ಹವಾಗಿರಬೇಕು. ಕಷ್ಟಪಟ್ಟು ಕಟ್ಟಿದ ಕತೆ ಬೇಡ. ಹೆಚ್ಚಿನವರು ತಪ್ಪುವುದು ಮೊದಲ ಸಾಲಿನಲ್ಲೇ: ‘ಬೇಕೆಂತಲೇ ಬರಲಿಲ್ಲ’ ಎಂದು ಬರೆದಿರುತ್ತಾರೆ. ‘ಬೇಕೆಂತಲೇ’ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಹೊಡೆದುಹಾಕಿ ಎರಡನೇ ಸಾಲಿಗೆ ಇಳಿಸಬೇಕು. ಈ ಒಂದು ತಿದ್ದುಪಡಿಯೇ ವಾರದೊಳಗೆ ಅರ್ಧ ಕೆಲಸ ಮಾಡುತ್ತದೆ.

ನಾಲ್ಕನೆಯದು ಕ್ಷಮೆ ಬೇಡುವುದು. ಎರಡು ಗೆರೆ ಸಾಕು, ಒಂದೇ ತಪ್ಪು ಸಾಕು. ಪಟ್ಟಿ ಬೆಳೆಸುವವರು ಎಚ್ಚರ ವಹಿಸಬೇಕು. ಇಗ್ನೇಷಿಯಸ್ ಅವರೇ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ನೆನೆದು, ಪಾಪನಿವೇದನೆ ಸರಿಯಾಯಿತೋ ಇಲ್ಲವೋ ಎಂಬ ಸಂಶಯದಲ್ಲಿ ಬೆಂದುಹೋಗಿದ್ದರು. ಆ ಸ್ವಭಾವ ಇರುವವರು ಈ ಭಾಗವನ್ನು ಬಿಟ್ಟು ‘ನಮ್ಮ ತಂದೆಯೇ’ ಪ್ರಾರ್ಥನೆ ಹೇಳಿ, ಫಾದರ್ ಹತ್ತಿರ ಮಾತಾಡುವುದು ಒಳ್ಳೆಯದು.

ಐದನೆಯದು ನಾಳೆಯ ಒಂದು ಕೆಲಸ. ಭರವಸೆ ಎನ್ನುವುದು ‘ಎಲ್ಲ ಸರಿಹೋಗುತ್ತದೆ ಬಿಡು’ ಎಂಬ ಮಾತಲ್ಲ ಎಂದು ತಿಳಿಯುವುದು ಇಲ್ಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎಂಬ ಮದ್ದು ಹೊಡೆಯುವವರನ್ನು ನೋಡಿ. 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಮಳೆ ಕಡಿಮೆ ಬರುತ್ತದೆ ಎಂದು ಲೆಕ್ಕ ಹಾಕಿ ಯಾರೂ ಬೋರ್ಡೋ ಹೊಡೆಯುವುದಿಲ್ಲ; ಮಳೆ ಬಂದೇ ಬರುತ್ತದೆ, ಆದರೂ ಅಡಿಕೆ ಗೊನೆ ಉಳಿಯಬೇಕು ಎಂದು ಹೊಡೆಯುತ್ತಾರೆ. ರೋಮನರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಪ್ರೇಷಿತ ಪೌಲ ಹೇಳುವ ಕ್ರಮವೂ ಇದೇ ಜಾಡಿನದು: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವವಾದ ಗುಣ, ಅದರಿಂದ ಭರವಸೆ. ಕಷ್ಟವನ್ನು ಅವನು ಪಟ್ಟಿಯಿಂದ ತೆಗೆದಿಲ್ಲ, ಮೊದಲಿಗೇ ಇಟ್ಟಿದ್ದಾನೆ. ಪ್ರವಾದಿ ಹಬಕ್ಕೂಕನ ಗ್ರಂಥದ ಮೂರನೇ ಅಧ್ಯಾಯದ ಕೊನೆಯನ್ನು ತೋಟದವರು ಓದಲೇಬೇಕು: ಮರದಲ್ಲಿ ಚಿಗುರಿಲ್ಲ, ಬಳ್ಳಿಯಲ್ಲಿ ಫಲವಿಲ್ಲ, ಹಟ್ಟಿಯಲ್ಲಿ ದನವಿಲ್ಲ ಎಂದು ನಷ್ಟವನ್ನೆಲ್ಲ ಒಂದೊಂದಾಗಿ ಎಣಿಸಿದ ಮೇಲೆಯೇ ‘ಆದರೂ ದೇವರಲ್ಲಿ ಸಂತೋಷಪಡುವೆ’ ಎನ್ನುತ್ತಾನೆ. ಹಾಗಾಗಿ ಐದನೇ ಭಾಗದಲ್ಲಿ ‘ನಾಳೆ ಒಳ್ಳೆಯದಾಗಲಿ’ ಎಂದು ಬರೆಯಬೇಡಿ. ‘ನಾಳೆ ಬೆಳಿಗ್ಗೆ ಅವರ ಮನೆಗೇ ಹೋಗಿ ಯಾಕೆ ಬರಲಿಲ್ಲ ಎಂದು ವಿಚಾರಿಸುವುದು’ ಎಂದು ಬರೆಯಿರಿ. ಪೀಠಿಕೆಯ ಎರಡನೇ ಮೆಟ್ಟಿಲು ಅದೇ.

ಇಷ್ಟೂ ಬಲಪುಟದ ಮಾತು. ಎಡಪುಟ ಖಾಲಿ ಇರುತ್ತದೆ. ಅರ್ಧ ಪುಸ್ತಕ ದಂಡವಾಯಿತು ಎಂದು ಅಲ್ಲೂ ಬರೆದು ತುಂಬಿಸುವವರಿದ್ದಾರೆ; ದಯವಿಟ್ಟು ಹಾಗೆ ಮಾಡಬೇಡಿ. ಶನಿವಾರ ರಾತ್ರಿ ಹೊಸದೇನೂ ಬರೆಯುವ ಮೊದಲು ಆ ವಾರದ ಬಲಪುಟಗಳನ್ನು ಓದಿ, ಪ್ರತಿ ಪ್ರಸಂಗದ ಎದುರು ಎಡಪುಟದಲ್ಲಿ ಆಮೇಲೆ ಗೊತ್ತಾದದ್ದನ್ನು ಒಂದು ಸಾಲು ಬರೆಯಬೇಕು. ‘ಮಗುವಿಗೆ ಜ್ವರ ಇತ್ತಂತೆ.’ ಅಥವಾ, ‘ಹೌದು, ಬೇರೆ ಕಡೆ ಹೋಗಿದ್ದರು, ಕೇಳಿದ್ದಕ್ಕೆ ಒಪ್ಪಿಕೊಂಡರು.’ ಎರಡೂ ಉತ್ತರ ಬೆಲೆಯುಳ್ಳವು. ಇನ್ನೊಬ್ಬರ ಮೇಲೆ ಕೊಟ್ಟ ತೀರ್ಪನ್ನು ಪರಿಷ್ಕರಿಸುವ ಜಾಗ ಅಚ್ಚುಹಾಕಿದ ಜರ್ನಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ನಾವು ಲಾಂಗ್ ಬುಕ್ಕಿಗೆ ಹೆಚ್ಚು ಅಂಕ ಕೊಡುವುದು ಇದಕ್ಕೇ. ಬೈಬಲ್‌ನಲ್ಲಿ ಇದಕ್ಕೆ ಒಂದು ಪೂರ್ತಿ ಉದಾಹರಣೆ ಇದೆ. ಪೌಲ, ಬಾರ್ನಬರ ಜೊತೆ ಶುಭಸಂದೇಶ ಸಾರಲು ಹೊರಟಿದ್ದ ಯುವಕ ಮಾರ್ಕ ಪಂಫುಲ್ಯ ಪ್ರಾಂತ್ಯದಲ್ಲಿ ಜೊತೆ ಬಿಟ್ಟು ಹೋದ. ಮುಂದಿನ ಪ್ರಯಾಣಕ್ಕೆ ಅವನು ಬೇಡವೇ ಬೇಡ ಎಂದ ಪೌಲ. ಬಾರ್ನಬ ಬಿಡಲಿಲ್ಲ, ಇಬ್ಬರಿಗೂ ಮಾತು ಬೆಳೆದು ಬೇರೆಬೇರೆಯಾದರು, ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹೊರಟ. ಆದರೆ ಪೌಲನ ಹೆಸರಿನಲ್ಲಿರುವ, ತಿಮೊಥೇಯನಿಗೆ ಬರೆದ ಎರಡನೇ ಪತ್ರದ 4:11ರಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ಉಪಯುಕ್ತ ಎಂಬ ಮಾತಿದೆ. ಬಲಪುಟದಲ್ಲಿ ಒಂದು ತೀರ್ಪು, ವರ್ಷಗಳ ಮೇಲೆ ಎಡಪುಟದಲ್ಲಿ ಇನ್ನೊಂದು. ನಡುವೆ ನಂಬಿಕೆ ಇಟ್ಟು ಜೊತೆಗೆ ಕರೆದುಕೊಂಡು ಹೋದವನು ಬಾರ್ನಬ.

ಈ ಪುಸ್ತಕಕ್ಕೆ ಮಿತಿಯೂ ಇದೆ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಮನೆಯಲ್ಲಿ ಹೊಡೆತ ಬಡಿತ, ಮಗುವಿನ ಮೇಲೆ ದೌರ್ಜನ್ಯ, ಕೊಡಬೇಕಾದ ಕೂಲಿ ಕೊಡದೆ ಸತಾಯಿಸುವುದು ಇಂಥವಕ್ಕೆ ಮೂರನೇ ಸಾಲಿನ ‘ಒಳ್ಳೆಯ ಅರ್ಥ’ ಬರೆಯಬಾರದು. ಮತ್ತಾಯನ ಶುಭಸಂದೇಶ 18:15–17ರಲ್ಲಿ ಯೇಸುಸ್ವಾಮಿ ತಪ್ಪನ್ನು ತಪ್ಪೆಂದೇ ಕರೆಯುತ್ತಾರೆ: ಮೊದಲು ಒಬ್ಬರೇ ಹೋಗಿ ಹೇಳಬೇಕು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳ ಜೊತೆ, ಆಮೇಲೆ ಸಭೆಗೆ. ಜೀವಕ್ಕೆ ಅಪಾಯ ಇರುವಲ್ಲಿ ಒಬ್ಬರೇ ಹೋಗುವ ಮಾತೇ ಇಲ್ಲ. ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಎರಡು ವಾರ ಸತತ ಕೃತಜ್ಞತೆಯ ಗೆರೆ ಖಾಲಿ ಉಳಿದು, ನಿದ್ದೆ ಊಟ ಬಿಟ್ಟುಹೋಗಿದ್ದರೆ ಅದು ವಿಶ್ವಾಸದ ಕೊರತೆ ಎಂದುಕೊಂಡು ಕೂರಬೇಡಿ. ವೈದ್ಯರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ನೋಡಬೇಕಾದದ್ದು. ಪುಸ್ತಕವನ್ನು ನಡುವಿಗೆ ಬಿಚ್ಚಿ ಚಪ್ಪಟೆಯಾಗಿ ಒತ್ತಿ. ದಾರ ಕಂಡರೆ ಹೊಲಿಗೆ ಬೈಂಡಿಂಗು, ತೆಗೆದುಕೊಳ್ಳಿ. ಬರೀ ಗೋಂದು ಕಂಡರೆ ಆಷಾಢದ ತೇವಕ್ಕೆ ಹಾಳೆ ಕಳಚುತ್ತದೆ. ಪಿನ್ ಹೊಡೆದದ್ದಾದರೆ ಪಿನ್ ತುಕ್ಕು ಹಿಡಿದು ನಡುಪುಟಗಳಿಗೆ ಕಂದು ಕಲೆ ಇಳಿಯುತ್ತದೆ, ಆಮೇಲೆ ಅಲ್ಲೇ ಹರಿಯುತ್ತದೆ. ಸ್ಪೈರಲ್ ಪುಸ್ತಕ ಎಡಬಲ ಪುಟ ಬಳಸಲು ಅನುಕೂಲವೇನೋ ಹೌದು, ಆದರೆ ತಂತಿಗೆ ತುಕ್ಕು ಬಂದರೆ ಪುಟ ತಿರುವುವಾಗ ಹರಿಯುತ್ತದೆ. ಕೊನೆಯ ಹಾಳೆಯಲ್ಲಿ ಅಂಗಡಿಯವರನ್ನು ಕೇಳಿ ಎರಡು ಅಕ್ಷರ ಬರೆದು ಹಿಂದೆ ತಿರುಗಿಸಿ ನೋಡಿ; ಶಾಯಿ ಆಚೆ ಮೂಡಿದರೆ ಕಾಗದ ತೆಳು. 70 ಜಿ.ಎಸ್.ಎಂ. (ಕಾಗದದ ತೂಕದ ಅಳತೆ) ಎಂದು ನಮೂದಿಸಿದ್ದು ಸಿಕ್ಕರೆ ಒಳ್ಳೆಯದು. ಪೆನ್ನು ಬಾಲ್ ಪೆನ್ನೇ ಇರಲಿ. ಜೆಲ್ ಪೆನ್ನು, ಇಂಕ್ ಪೆನ್ನಿನ ಶಾಯಿ ತೇವ ಹೀರಿದ ಕಾಗದದಲ್ಲಿ ಹರಡುತ್ತದೆ, ನೀರು ಬಿದ್ದರೆ ಅಳಿಸಿಯೇ ಹೋಗುತ್ತದೆ.

ಮಳೆಗಾಲದಲ್ಲಿ ಶುರುಮಾಡುವವರು, ಆಗುಂಬೆ ಕಡೆಯವರಂತೂ, ಪುಸ್ತಕವನ್ನು ಗೋಡೆಯ ಕಪಾಟಿನಲ್ಲಿ ಇಡಬಾರದು. ಗೋಡೆಯೇ ಬೆವರುತ್ತದೆ, ಹದಿನೈದು ದಿನಕ್ಕೆ ರಟ್ಟಿಗೆ ಬೂಷ್ಟು ಬರುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಒಂದು ತುಂಡು ಒಣಗಿದ ಬಜೆ ಬೇರು. ಪುಸ್ತಕ ತಿನ್ನುವ ಹುಳ ಅದರ ವಾಸನೆಗೆ ಬರುವುದಿಲ್ಲ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಗೆ ಪುಟ ಹಳದಿ ತಿರುಗಿ ಪುಡಿಯಾಗುತ್ತದೆ.

ಬರೆಯುವ ಹೊತ್ತು ಊಟಕ್ಕೆ ಮುಂಚೆ, ಜಪಸರ (ರೋಸರಿ) ಪ್ರಾರ್ಥನೆ ಮುಗಿದ ಮೇಲೆ. ಊಟ ಆದಮೇಲೆ ಕೂತರೆ ಮೂರನೇ ಭಾಗಕ್ಕೆ ಬರುವಷ್ಟರಲ್ಲಿ ತೂಕಡಿಕೆ. ಒಂದು ದಿನ ತಪ್ಪಿದರೆ ಮರುದಿನ ನೆನಪಿಸಿಕೊಂಡು ತುಂಬಬೇಡಿ. ಆ ಎರಡು ಪುಟ ಖಾಲಿ ಬಿಟ್ಟು ಮುಂದೆ ಹೋಗಿ. ಜನರ ಹೆಸರು ಪೂರ್ತಿ ಬರೆಯಬೇಡಿ, ಮೊದಲ ಅಕ್ಷರ ಸಾಕು. ಮನೆಯಲ್ಲಿ ಪುಸ್ತಕ ಯಾರ ಕೈಗಾದರೂ ಸಿಗುತ್ತದೆ. ನಿಮ್ಮ ಎರಡನೇ ಸಾಲನ್ನು ಆ ವ್ಯಕ್ತಿಯೇ ಓದಿದರೆ ಮೂರನೇ ಸಾಲನ್ನು ನಂಬುವುದು ಕಷ್ಟ.

96 ದಿನ ಮುಗಿದ ಮೇಲೆ ಎಡಪುಟಗಳನ್ನು ಒಮ್ಮೆ ಪೂರ್ತಿ ಓದಿ. ಕೃತಜ್ಞತೆಯ ಸಾಲುಗಳಲ್ಲಿ ಬೇಕೆನಿಸಿದ್ದನ್ನು ಬೇರೆ ಪುಸ್ತಕಕ್ಕೆ ನಕಲು ಮಾಡಿಕೊಂಡು, ಉಳಿದದ್ದನ್ನು ಬಚ್ಚಲ ಒಲೆಗೆ ಹಾಕಿ. ಬೇರೆಯವರ ತಪ್ಪುಗಳ ದಾಖಲೆ ಮನೆಯಲ್ಲಿ ಉಳಿಯಬಾರದು. ಪ್ರೀತಿ ಅಪಕಾರದ ಲೆಕ್ಕ ಇಡುವುದಿಲ್ಲ ಎಂದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ ಹೇಳುತ್ತದೆ.

ಶಿವಮೊಗ್ಗದವರಾದರೆ ಗಾಂಧಿ ಬಜಾರ್, ದುರ್ಗಿಗುಡಿ ಕಡೆ ಇಂಥ ಪುಸ್ತಕ ಸುಲಭವಾಗಿ ಸಿಗುತ್ತದೆ. ಶಾಲೆ ಶುರುವಾಗುವ ಮೇ ಕೊನೆಯಲ್ಲಿ ಆಯ್ಕೆ ಹೆಚ್ಚು, ಆದರೆ ಆಗ ಕೊಂಡು ಫೆಬ್ರವರಿಗೆ ಎಂದು ಇಟ್ಟರೆ ಮಳೆಗಾಲ ಪೂರ್ತಿ ಕಾಗದ ತೇವ ಹೀರಿರುತ್ತದೆ. ಜನವರಿಯಲ್ಲಿ ಕೊಳ್ಳಿ. ಆಗ ಉಳಿದ ದಾಸ್ತಾನು ಹಳೆಯದಿರಬಹುದು, ಅದಕ್ಕೆ ಮೂಗಿನ ಹತ್ತಿರ ಹಿಡಿದು ನೋಡಿ. ಮುಗ್ಗಲು ವಾಸನೆ ಬಂದರೆ ಬೇರೆ ಕೇಳಿ. ಧರ್ಮಕೇಂದ್ರದ ಯುವಕರೋ ಮಹಿಳಾ ಸಂಘದವರೋ ಸೇರಿ ಡಜನ್ ಲೆಕ್ಕದಲ್ಲಿ ಕೊಂಡರೆ ದರ ಇಳಿಸಿ ಕೊಡುತ್ತಾರೆ, ಕೇಳಬೇಕಷ್ಟೆ.